ಓದಿ ಸಹಿ ಮಾಡೋಣ



ಮೊದಲು ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರನ್ನು ಹುಡುಕಬೇಕಿತ್ತು. ಅವರು ಕೈಯಲ್ಲಿ ಬರೆದು ಕೊಡುತ್ತಿದ್ದರು. 2000ದ ಹೊತ್ತಿಗೆ ‘ಭೂಮಿ’ ಬಂತು. ಪಹಣಿ ಕಂಪ್ಯೂಟರಿಗೆ ಹೋಯಿತು. ಈಗ ಪಂಚಾಯ್ತಿಯ ಬಾಪೂಜಿ ಸೇವಾ ಕೇಂದ್ರದಲ್ಲೂ ಸಿಗುತ್ತದೆ.

ಪಹಣಿ ಕೈಗೆ ಬಂದ ಕೂಡಲೇ ಮಡಚಿ ಸೆರಗಿಗೆ ಕಟ್ಟಬೇಡಿ. ಅಲ್ಲೇ ನಿಂತು ಓದೋಣ. 9ನೇ ಕಲಮಿನಲ್ಲಿ ಯಾರ ಹೆಸರಿದೆ? ಗಂಡ ತೀರಿಕೊಂಡು ಎಷ್ಟೋ ವರ್ಷ ಆಗಿರುತ್ತದೆ. ಆದರೂ ಅವನ ಹೆಸರೇ ಇರುತ್ತದೆ. ದುಡಿಯುವವಳು ಅವಳು, ಹೆಸರು ಅವನದು. ಬ್ಯಾಂಕಿಗೆ ಹೋದರೆ ಸಾಲ ಸಿಗೋದಿಲ್ಲ. ಇದಕ್ಕೆ ಪೌತಿ ಖಾತೆ ಮಾಡಿಸಬೇಕು. ಕಂಪ್ಯೂಟರ್ ತಾನಾಗಿ ಹೆಸರು ಬದಲಿಸುವುದಿಲ್ಲ. ಅದಕ್ಕೇನು ಗೊತ್ತು, ಪಾಪ!

“ಮನೆ ಪಟ್ಟೀಲಿ ನಿಮ್ಮ ಹೆಸರಿಲ್ಲಮ್ಮ, ಕಂಪ್ಯೂಟರಲ್ಲಿ ಬಂದಿಲ್ಲ” ಅಂತಾರೆ. ನಾವು ಸುಮ್ಮನೆ ವಾಪಸು ಬರುತ್ತೇವೆ. ಆದರೆ ಮನೆ ಯಾರಿಗೆ ಅಂತ ಆರಿಸಬೇಕಾದದ್ದು ಕಂಪ್ಯೂಟರ್ ಅಲ್ಲ, ಗ್ರಾಮಸಭೆ. ಯಾರ ಮನೆ ಸೋರುತ್ತದೆ ಅಂತ ಊರಿಗೆ ಗೊತ್ತು. ಅದನ್ನು ಸಭೆಯಲ್ಲೇ ಹೇಳಬೇಕು.

ಸಭೆಗೆ ಬಂದವರಲ್ಲಿ ನೂರಕ್ಕೆ 30 ಮಂದಿಯಾದರೂ ಹೆಂಗಸರು ಇರಬೇಕು ಅಂತ ಕಾನೂನೇ ಇದೆ. ಅದಕ್ಕೇ ಕೆಲವು ಕಡೆ ಸಭೆ ಮುಗಿದ ಮೇಲೆ ಪುಸ್ತಕ ನಮ್ಮ ಮನೆಗೇ ಬರುತ್ತದೆ! “ಇಲ್ಲೊಂದು ಸಹಿ ಹಾಕಮ್ಮ” ಅಂತಾರೆ. ಹಾಕಬೇಡಿ. ಸಭೆಯಲ್ಲಿ ಕೂತಿದ್ದರೂ ಓದದೆ ಹಾಕಬೇಡಿ. ಏನು ತೀರ್ಮಾನ ಬರೆದಿದ್ದಾರೆ? ಮಧ್ಯೆ ಖಾಲಿ ಜಾಗ ಬಿಟ್ಟಿದ್ದಾರಾ? ಅಕ್ಷರ ಕೂಡಿಸಿ ಓದೋಕೆ ಹೊತ್ತಾಗುತ್ತೆ. ಆಗಲಿ. ಅವರು ಕಾಯಲಿ.

ಮುಂದಿನ ಗ್ರಾಮಸಭೆಗೆ ಸಂಘದವರೆಲ್ಲ ಒಟ್ಟಿಗೆ ಹೋಗೋಣ. ಕನ್ನಡಕ ಇರೋರು ಮರೀಬೇಡಿ.