ತೋಪು ಎಳೆಯೋಕೆ ಎತ್ತೇ ಉಳಿಯಲಿಲ್ಲ: 1791ರ ಕಾರ್ನ್‌ವಾಲಿಸ್

ಶ್ರೀರಂಗಪಟ್ಟಣದ ಯುದ್ಧ ಅಂದಕೂಡಲೇ ನಾವೆಲ್ಲ 1799ಕ್ಕೆ ಹೋಗಿಬಿಡ್ತೀವಿ. ಇವತ್ತು ಅದಕ್ಕೆ ಎಂಟು ವರ್ಷ ಹಿಂದೆ ಹೋಗೋಣ.

ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ದಂಡು ಕಟ್ಟಿಕೊಂಡು ಬಂದಿದ್ದ. ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಅವನ ಕೈಸೇರಿತ್ತು. 1791ರ ಮೇ 15ರಂದು ಅರಕೆರೆ ಹತ್ತಿರ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ತಳ್ಳಿದ. ಶ್ರೀರಂಗಪಟ್ಟಣ ಕಣ್ಣೆದುರಿಗೇ ಇತ್ತು. ಆದರೂ ಹನ್ನೊಂದೇ ದಿನಕ್ಕೆ ವಾಪಸ್ ಹೊರಟ. ಗೆದ್ದವನು ಯಾಕೆ ತಿರುಗಿದ?

ಉತ್ತರ ಎತ್ತಿನ ಹೊಟ್ಟೆಯಲ್ಲಿದೆ. ಕೋಟೆ ಒಡೆಯೋ ತೋಪು ಎಳೆಯೋದಕ್ಕೂ ಎತ್ತು ಬೇಕು, ಮದ್ದುಗುಂಡು, ಅಕ್ಕಿ ಹೊರೋದಕ್ಕೂ ಎತ್ತೇ ಬೇಕು. ಟಿಪ್ಪು ದಾರಿಯಲ್ಲಿದ್ದ ಮೇವನ್ನೆಲ್ಲ ಸುಡಿಸಿದ್ದ. ಜೊತೆಗೆ ಮಳೆ, ದನಗಳಿಗೆ ರೋಗ. ಕೊನೆಗೆ ಸಿಪಾಯಿಗಳೇ ತೋಪು ಎಳೆದರು. ಕನ್ನಂಬಾಡಿ ತನಕ ಎಳೆದು, ಅಲ್ಲಿ ದೊಡ್ಡ ತೋಪುಗಳನ್ನು ತಾವೇ ಒಡೆದುಹಾಕಿದರು. (ಆ ಹಳೇ ಕನ್ನಂಬಾಡಿ ಈಗ ಕೆ.ಆರ್.ಎಸ್. ನೀರಿನಡಿ ಇದೆ.)

ಈಗ ನೋಡಿ ವಿಪರ್ಯಾಸ. ಹಿಂದಿರುಗಲು ಹೊರಟ ಮೊದಲ ದಿನವೇ ಎದುರಿಗೆ ಕುದುರೆ ದಂಡು. ಶತ್ರುಗಳೇ ಅಂದುಕೊಂಡರು, ನೋಡಿದರೆ ಮಿತ್ರರಾದ ಮರಾಠರು! ಹರಿಪಂತ ಫಡ್ಕೆ, ಪರಶುರಾಮಭಾವು ಪಟವರ್ಧನ್. ಪುಣೆಯಲ್ಲಿರುವ ನಮಗೆ ಈ ಅಡ್ಡಹೆಸರುಗಳು ಸೊಸೈಟಿಯ ಬೋರ್ಡಿನಲ್ಲೇ ಸಿಗ್ತವೆ. ಇಷ್ಟು ಹತ್ತಿರ ಬಂದಿದ್ದರೂ ಸುದ್ದಿ ಮುಟ್ಟಿರಲಿಲ್ಲ. ಟಿಪ್ಪುವಿನ ಸವಾರರು ಪತ್ರ ತರೋರನ್ನು ಅಷ್ಟು ಚೆನ್ನಾಗಿ ತಡೆದಿದ್ದರು. ನನ್ನ ಮಟ್ಟಿಗೆ ಆ ವರ್ಷ ಟಿಪ್ಪುವಿನ ದೊಡ್ಡ ಗೆಲುವು ಇದೇ.

ಮರಾಠರ ಪಾಳೆಯದ ಬಜಾರಿನಲ್ಲಿ ಧಾನ್ಯ ಇತ್ತು, ಬೆಲೆ ಮಾತ್ರ ವಿಪರೀತ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಆ ಬಜಾರನ್ನು ವರ್ಣಿಸಿದ್ದಾನೆ. ಕಾಶ್ಮೀರದ ಶಾಲು, ಬರ್ಮಿಂಗ್‌ಹ್ಯಾಮ್ ಚಾಕು, ವಜ್ರ, ಅವುಗಳ ಜೊತೆಗೇ ಲೂಟಿಯಾದ ಹಳ್ಳಿ ಹುಡುಗಿಯ ಬೆಳ್ಳಿ ಓಲೆ. ಆ ಓಲೆ ಹತ್ತಿರ ನಾನು ಓದೋದು ನಿಲ್ಲಿಸಿಬಿಟ್ಟೆ. ಮೇವು ಸುಟ್ಟವರು ಒಬ್ಬರು, ಲೂಟಿ ಮಾಡಿದವರು ಇನ್ನೊಬ್ಬರು. ಊರು ಮಾತ್ರ ಒಂದೇ.

ಮುಂದಿನ ತಿಂಗಳುಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಕಡೆ ಹೋಗಲೇ ಇಲ್ಲ. ನಂದಿದುರ್ಗ, ಸಾವನದುರ್ಗ ಹಿಡಿದು ಧಾನ್ಯ ಬರೋ ದಾರಿ ಭದ್ರ ಮಾಡಿಕೊಂಡ. ಬಂಜಾರರನ್ನು, ಅಂದರೆ ನಮ್ಮ ಲಂಬಾಣಿಗಳ ಹಿರಿಯರನ್ನು, ಒಪ್ಪಿಸಿಕೊಂಡ. ಅವರ ಎತ್ತುಗಳು ಧಾನ್ಯದ ಗೋಣಿ ಹೊತ್ತು ದಾರಿಯಲ್ಲೇ ಮೇಯ್ತಾ ಬರುತ್ತಿದ್ದವು. 1792ರ ಫೆಬ್ರವರಿಯಲ್ಲಿ ಅವನು ಮತ್ತೆ ಬಂದಾಗ ತೋಪುಗಳು ಶ್ರೀರಂಗಪಟ್ಟಣದ ತನಕ ಬಂದವು. ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ.