ಮನೆಯೊಳಗೆ ಬಂದ ಜೋಳಿಗೆ



ಹೋದ ಅಮಾವಾಸ್ಯೆಯಂದು ಒಬ್ಬ ತಾಯಿ ಮಠಕ್ಕೆ ಬಂದಿದ್ದಳು. ಎಲ್ಲರೂ ಎದ್ದು ಹೋಗುವವರೆಗೆ ಕಂಬದ ಮರೆಯಲ್ಲಿ ಕುಳಿತಿದ್ದು, ಆಮೇಲೆ "ಅಪ್ಪಾರ, ಮುಂಜಾನೆ ಎದ್ದರ ಸೊಸಿಗೆ ಕೈ ನಡುಗತಾವು, ವಿಭೂತಿ ಕೊಡ್ರಿ" ಎಂದಳು. "ಯಾಕ ನಡುಗತಾವವ್ವಾ?" ಎಂದೆವು. ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಸೊಸೆ ಕುಡಿಯುತ್ತಿದ್ದಳು. ಹೊಲಗೆಲಸದ ಮೈನೋವಿಗೆಂದು ಅವಳು ಹಿಡಿದದ್ದು, ಈಗ ಅವಳನ್ನೇ ಹಿಡಿದಿತ್ತು.

ಗಂಡಸು ಕುಡಿದರೆ ಊರು ಬೈಯುತ್ತದೆ, ಬೈದು ಬುದ್ಧಿ ಹೇಳುತ್ತದೆ. ಹೆಂಗಸು ಕುಡಿದರೆ ಬಾಯಿಗೊಂದು ಮಾತಾಡುತ್ತದೆ. ಆ ಮಾತಿಗೆ ಅಂಜಿ ಅವಳು ಕದ ಹಾಕಿಕೊಳ್ಳುತ್ತಾಳೆ. ರೋಗವೂ ಅವಳೊಡನೆ ಒಳಗೇ ಉಳಿಯುತ್ತದೆ. ಅಷ್ಟೇ ಕುಡಿದರೂ ಹೆಣ್ಣಿನ ಯಕೃತ್ತು ಗಂಡಿನದಕ್ಕಿಂತ ಬೇಗ ಕೆಡುತ್ತದೆಂದು ವೈದ್ಯರು ಹೇಳುತ್ತಾರೆ.

ಇಳಕಲ್ಲಿನ ಮಹಾಂತ ಶ್ರೀಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಅವರು ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಆದರೆ ನೂರು ಮಂದಿಯ ನಡುವೆ ಎದ್ದು ಬಂದು ಜೋಳಿಗೆಗೆ ಕೈಯೊಡ್ಡುವ ಧೈರ್ಯ ಹೆಣ್ಣುಮಗಳಿಗೆ ಎಲ್ಲಿಂದ ಬರಬೇಕು?

ಅಂಥವಳಿಗಾಗಿ ಜೋಳಿಗೆಯೇ ಈಗ ಮನೆಯೊಳಗೆ ಬಂದಿದೆ. ಅದು ಫೋನು. 2022ರ ಅಕ್ಟೋಬರ್ 10ರಂದು ಸರಕಾರ ಟೆಲಿ ಮಾನಸ್ ಸೇವೆಯನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಕರೆದರೂ ಕನ್ನಡದಲ್ಲಿ ಮಾತನಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಅಗತ್ಯವಿದ್ದರೆ ಮನೋವೈದ್ಯರಿಗೆ ಜೋಡಿಸಿಕೊಡುತ್ತಾರೆ.

ಒಂದು ಎಚ್ಚರ ಇರಲಿ. ಬಹಳ ದಿನ ಕುಡಿದ ಮೈ ಒಮ್ಮೆಲೇ ಬಿಟ್ಟರೆ ನಡುಗುತ್ತದೆ, ಬೆವರುತ್ತದೆ. ಕೆಲವರಿಗೆ ಫಿಟ್ಸು, ಬುದ್ಧಿಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗುತ್ತದೆ. ಅಲ್ಲಿ ಫೋನು ಸಾಲದು, ಆಸ್ಪತ್ರೆಯೇ ಬೇಕು. ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕಬೇಡಿರಿ.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಫೋನು ಗಂಡನ ಕಿಸೆಯಲ್ಲಿಯೇ ಇರುತ್ತದೆ. ಅದನ್ನು ಅವಳ ಕೈಗೆ ಕೊಟ್ಟು, ಅರ್ಧ ತಾಸು ಹೊರಗೆ ಕಟ್ಟೆಯ ಮೇಲೆ ಕುಳಿತುಕೊಳ್ಳಿರಿ. ಏನು ಮಾತಾಡಿದೆ ಎಂದು ಕೇಳಬೇಡಿರಿ. ಅದೂ ದಾಸೋಹವೇ.

ಹೆಂಡ ಮಾರುವ ಕಾಯಕದ ಮಾರಯ್ಯನನ್ನು ಶರಣರು ತಮ್ಮವನೆಂದು ಕರೆದುಕೊಂಡರು. ಕುಡಿತಕ್ಕೆ ಸಿಕ್ಕ ಮಗಳನ್ನು ನಾವು ನಮ್ಮವಳೆನ್ನಲಾರೆವೆ?

ಆ ತಾಯಿಗೆ, ಮೊದಲು ಸೊಸೆಯನ್ನು ತಾಲೂಕು ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆವು. ವಿಭೂತಿಯನ್ನೂ ಕೊಟ್ಟೆವು. ಪೊಟ್ಟಣದ ಕಾಗದದ ಮೇಲೆ ಆ ಐದು ಅಂಕಿಗಳನ್ನು ಬರೆದುಕೊಟ್ಟೆವು. ವಿಭೂತಿ ಹಣೆಯ ಮೇಲಿರಲಿ, ಕಾಗದ ಸೊಸೆಯ ಕೈಯಲ್ಲಿರಲಿ.