ಬಂಡೆಯ ಮೇಲಿನ ಗೀರುಗಳು



1815ನೇ ಇಸವಿ. ಸ್ವಿಟ್ಜರ್ಲೆಂಡಿನ ಬಾನ್ಯ ಕಣಿವೆಯಲ್ಲಿ ಲೂರ್ತಿಯೆ ಎಂಬ ಪುಟ್ಟ ಹಳ್ಳಿ. ಉಪ್ಪಿನ ಗಣಿಗಳ ಮೇಲ್ವಿಚಾರಕ ಶಾರ್ಪಾಂತಿಯೆ ಹಿಮನದಿಗಳನ್ನು ನೋಡಿ ಹಿಂದಿರುಗುತ್ತಾ ಒಂದು ರಾತ್ರಿ ಅಲ್ಲಿನ ಬೇಟೆಗಾರ ಪೆರೋದಾಂನ ಗುಡಿಸಲಿನಲ್ಲಿ ತಂಗಿದ. ಮಾತಿನ ನಡುವೆ ಪೆರೋದಾಂ ಹೇಳಿದ: ನಮ್ಮ ಹಿಮನದಿ ಒಂದು ಕಾಲಕ್ಕೆ ಕೆಳಗಿನ ಮಾರ್ತಿನ್ಯಿ ಊರಿನವರೆಗೂ ಚಾಚಿತ್ತು, ಅಲ್ಲಿ ಬಿದ್ದಿರುವ ಹೆಬ್ಬಂಡೆಗಳನ್ನು ಹೊತ್ತು ತರುವ ಶಕ್ತಿ ನೀರಿಗೆಲ್ಲಿಯದು? ಗಟ್ಟಿ ಬಂಡೆಗಳ ಮೇಲೆ ಒಂದೇ ದಿಕ್ಕಿಗೆ ಎಳೆದ ಗೀರುಗಳನ್ನೂ ಅವನು ಕಂಡಿದ್ದ. ಶಾರ್ಪಾಂತಿಯೆಗೆ ಅದು ಪರಿಶೀಲನೆಗೂ ಯೋಗ್ಯವಲ್ಲದ ಮಾತೆನಿಸಿತು.

ಬೇಟೆಗಾರನ ಮಾತಿಗೆ ಕಿವಿಗೊಟ್ಟವನು ವೆನೆಟ್ಸ್ ಎಂಬ ಎಂಜಿನಿಯರ್. 1818ರಲ್ಲಿ ಅದೇ ಕಣಿವೆಯಲ್ಲಿ ಜಿಯೆತ್ರೊ ಹಿಮನದಿಯಿಂದ ಉರುಳಿದ ಮಂಜುಗಡ್ಡೆ ಹೊಳೆಗೆ ಅಡ್ಡ ಬಿದ್ದು ಕೆರೆ ಕಟ್ಟಿತು. ನೀರು ಬಸಿಯಲು ವೆನೆಟ್ಸ್ ಸುರಂಗ ಕೊರೆಸಿದರೂ ಜೂನ್ 16ರಂದು ಕಟ್ಟೆಯೊಡೆದು ಊರುಗಳು ಕೊಚ್ಚಿಹೋದವು. ಹಿಮನದಿಗಳ ನಡುವೆಯೇ ದುಡಿದ ಈತ, ಅವು ಒಂದು ಕಾಲಕ್ಕೆ ಬಹುದೂರ ಚಾಚಿದ್ದವೆಂಬ ವಾದವನ್ನು 1829ರಲ್ಲಿ ವಿದ್ವಾಂಸರ ಮುಂದೆ ಇಟ್ಟ. ಯಾರೂ ಒಪ್ಪಲಿಲ್ಲ. ಅದನ್ನು ಅಲ್ಲಗಳೆಯಲೆಂದೇ ಸಾಕ್ಷ್ಯ ಹುಡುಕಹೊರಟ ಶಾರ್ಪಾಂತಿಯೆ ಕೊನೆಗೆ ತಾನೇ ಒಪ್ಪಿದ! 1836ರಲ್ಲಿ ಅವನ ಬಳಿಗೆ ಸಂಶಯ ಹೊತ್ತು ಬಂದ ವಿಜ್ಞಾನಿ ಲೂಯಿ ಅಗಾಸಿಯೂ ಮನಸ್ಸು ಬದಲಿಸಿದ. ಮರುವರ್ಷ ಹಿಮಯುಗದ ವಿಚಾರವನ್ನು ಜಗತ್ತಿನ ಮುಂದಿಟ್ಟ. ಕೀರ್ತಿಯ ಬಹುಪಾಲು ಅಗಾಸಿಗೆ ಹೋಯಿತು. ನನ್ನ ಮಟ್ಟಿಗೆ ಮೊದಲ ಗೌರವ ಪೆರೋದಾಂಗೇ ಸಲ್ಲಬೇಕು.

ಹಿಮ ಬಂಡೆಯನ್ನು ಗೀರುವುದು ಹೇಗೆ? ಬರಿಯ ಮಂಜುಗಡ್ಡೆ ಮೆತ್ತಗಿನದು. ಆದರೆ ತನ್ನದೇ ಭಾರಕ್ಕೆ ಇಳಿಜಾರಿನತ್ತ ಹರಿಯುವ ಹಿಮದ ತಳದಲ್ಲಿ ಕಲ್ಲುಚೂರುಗಳು ಹುದುಗಿರುತ್ತವೆ. ಅವು ಕಮ್ಮಾರನ ಅರದ ಹಾಗೆ ನೆಲವನ್ನು ಉಜ್ಜುತ್ತವೆ. ಗುಡ್ಡ ಅಡ್ಡ ಬಂದರೆ ಹಿಮ ಏರುವ ಬದಿ ನುಣುಪಾಗುತ್ತದೆ. ಇಳಿಯುವ ಬದಿಯಲ್ಲಿ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ, ಬಂಡೆ ಚಕ್ಕೆಚಕ್ಕೆಯಾಗಿ ಕಿತ್ತುಬರುತ್ತದೆ. ಕಿತ್ತ ಚಕ್ಕೆಯೇ ಮುಂದಿನ ಬಂಡೆಗೆ ಅರ.

ಹಿಮ ಕೆತ್ತುವುದಷ್ಟೇ ಅಲ್ಲ, ಮಣ್ಣನ್ನು ಮೆತ್ತುತ್ತದೆ ಕೂಡ. ಐರ್ಲೆಂಡಿನಲ್ಲಿ ಬೋರಲು ಹಾಕಿದ ದೋಣಿಗಳಂತೆ ಸಾಲುಗಟ್ಟಿದ ದಿಬ್ಬಗಳಿಗೆ ಡ್ರಮ್ಲಿನ್ ಎಂದು ಹೆಸರು. ಮೊಂಡು ಬದಿ ಹಿಮ ಬಂದ ದಿಕ್ಕಿಗೆ, ಬಾಲ ಅದು ಹೋದ ದಿಕ್ಕಿಗೆ. ಇವು ಹೇಗಾದವೆಂದು ವಿದ್ವಾಂಸರು ನೂರಕ್ಕೂ ಹೆಚ್ಚು ವರ್ಷ ವಾದಿಸಿದರು. ಕಣ್ಣಾರೆ ಕಂಡವರಿರಲಿಲ್ಲ, ಕೆಲಸವೆಲ್ಲ ಹಿಮದಡಿ ನಡೆಯುವಂಥದು.

ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ರಟ್‌ಫರ್ಡ್ ಹಿಮಪ್ರವಾಹದಲ್ಲಿ, ದಿನಕ್ಕೆ ಸುಮಾರು ಒಂದು ಮೀಟರ್ ಹರಿಯುವ ಎರಡು ಕಿಲೋಮೀಟರ್ ದಪ್ಪದ ಹಿಮದ ಅಡಿಗೆ ಸದ್ದಿನ ಅಲೆಗಳನ್ನು ಕಳಿಸಿ, ಮರುದನಿ ಕೇಳಿ ನೆಲದ ರೂಪ ಅಳೆದರು. 1997ರಲ್ಲಿ ಇಲ್ಲದ, ಸುಮಾರು 10 ಮೀಟರ್ ಎತ್ತರದ ದಿಬ್ಬವೊಂದು 2004ರ ಹೊತ್ತಿಗೆ ಅಲ್ಲಿ ಎದ್ದು ನಿಂತಿತ್ತು. ಸಾವಿರಾರು ವರ್ಷ ಬೇಕೆಂದು ನಾವು ಭಾವಿಸುವ ಕೆಲಸ, ಏಳೇ ವರ್ಷದಲ್ಲಿ!

ಗಂಗೋತ್ರಿಯಿಂದ ಗೋಮುಖಕ್ಕೆ ನಡೆದು ಹೋಗುವ ಕನ್ನಡಿಗರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಆ ಕಣಿವೆಯೂ ಹಿಮ ಕಡೆದದ್ದೇ. ದಾರಿಬದಿಯ ಬಂಡೆಗಳ ಮೇಲೆ ಒಮ್ಮೆ ಕೈಯಾಡಿಸಿ ನೋಡಿ.